ಮೊದಲು ಸೀಟು, ಆಮೇಲೆ ಸ್ಟೀರಿಂಗ್

ಪಿ.ಯು.ಸಿ. ಪರೀಕ್ಷೆ ಮುಗಿದು ವಯಸ್ಸು ಹದಿನೆಂಟು ತುಂಬಿತೆಂದರೆ ಮಂಗಳೂರಿನ ಅನೇಕ ಮನೆಗಳಲ್ಲಿ ಒಂದು ಬೇಡಿಕೆ ತಪ್ಪದೆ ತಲೆಯೆತ್ತುತ್ತದೆ: ‘ನಾನು ಕಾರು ಬಿಡಲು ಕಲಿಯಬೇಕು.’ ಬೇಸಿಗೆ ರಜೆಯ ಬೆಳಗಿನ ಹೊತ್ತು ಕದ್ರಿ, ಬಿಜೈ, ಉರ್ವ, ಬೆಂದೂರುಗಳ ಒಳರಸ್ತೆಗಳಲ್ಲಿ ನಡೆದು ಹೋದರೆ ಕೆಂಪು ‘ಎಲ್’ ಅಕ್ಷರ ಹೊತ್ತ ಪುಟ್ಟ ಕಾರುಗಳು ಆಮೆಯಂತೆ ತೆವಳುವುದನ್ನು ಕಾಣಬಹುದು. ಒಳಗೆ ಕುಳಿತ ಹುಡುಗನೋ ಹುಡುಗಿಯೋ ಸ್ಟೀರಿಂಗನ್ನು ಎರಡೂ ಕೈಗಳಿಂದ ಅವುಚಿಕೊಂಡು, ಬೆನ್ನನ್ನು ಸೀಟಿನಿಂದ ಬಿಡಿಸಿ, ಕತ್ತು ಉದ್ದ ಮಾಡಿ ಬಾನೆಟ್ಟಿನಾಚೆ ಇಣುಕುತ್ತಿರುತ್ತಾರೆ. ಪಕ್ಕದಲ್ಲಿ ಕುಳಿತ ಗುರುಗಳ ಪಾಠ ಒಂದೇ ಸಮನೆ ಸಾಗುತ್ತಿರುತ್ತದೆ: ‘ಕ್ಲಚ್ ಒತ್ತಿ, ಗೇರು ಹಾಕಿ, ನಿಧಾನಕ್ಕೆ ಬಿಡಿ...’

ನೋಡುವವರು ಇದನ್ನು ಹೊಸಬರ ಹೆದರಿಕೆ ಎಂದುಕೊಳ್ಳುತ್ತಾರೆ. ಅದು ಅರ್ಧ ನಿಜ. ಉಳಿದರ್ಧ ಏನೆಂದರೆ, ಅವರು ಕುಳಿತ ಸೀಟು, ಹಿಡಿದ ಸ್ಟೀರಿಂಗ್ ಎರಡೂ ಅವರ ಮೈಗೆ ಹೊಂದಿಕೊಂಡಿರುವುದಿಲ್ಲ. ಹಿಂದಿನ ತಾಸು ಅದೇ ಸೀಟಿನಲ್ಲಿ ಕುಳಿತವರು ಆರಡಿ ಎತ್ತರದ ಆಳಾಗಿದ್ದಿರಬಹುದು. ಅವರು ಬಿಟ್ಟುಹೋದ ಜಾಗದಲ್ಲಿ ಐದಡಿಯ ಹುಡುಗಿ ಬಂದು ಕುಳಿತಿದ್ದಾಳೆ. ಕ್ಲಚ್ಚನ್ನು ಪೂರ್ತಿ ಒತ್ತಬೇಕಾದರೆ ಅವಳು ಸೀಟಿನ ತುದಿಗೆ ಸರಿಯಲೇಬೇಕು. ಹಾಗೆ ಸರಿದಾಗ ಸ್ಟೀರಿಂಗ್ ಎದೆಗೆ ಬಂದು ಮುಟ್ಟುತ್ತದೆ. ಇನ್ನು ಹೆದರಿಕೆಯಾಗದೆ ಇನ್ನೇನು?

ಅಪ್ಪನ ಅಂಗಿ ತೊಟ್ಟು ಯಾರೂ ಕಾಲೇಜಿಗೆ ಹೋಗುವುದಿಲ್ಲ. ಅಜ್ಜನ ಕನ್ನಡಕ ಹಾಕಿಕೊಂಡು ಯಾರೂ ಪರೀಕ್ಷೆ ಬರೆಯುವುದಿಲ್ಲ. ಆದರೆ ಅಪ್ಪ ಹೊಂದಿಸಿಟ್ಟ ಸೀಟಿನಲ್ಲಿ ಹಾಗೆಯೇ ಕುಳಿತು, ಅಪ್ಪನ ಅಳತೆಯ ಸ್ಟೀರಿಂಗ್ ಹಿಡಿದು ಹೆದ್ದಾರಿಗೆ ಹೊರಡುವವರು ಎಷ್ಟೋ ಮಂದಿ. ಮನೆಗೊಂದೇ ಕಾರು, ಅದನ್ನು ಬಿಡುವವರು ಮೂವರು ಎನ್ನುವ ಕಡೆಗಳಲ್ಲಿ ಇದು ದಿನನಿತ್ಯದ ಕತೆ.

ಪಾಠದಲ್ಲಿದೆ, ರೂಢಿಯಲ್ಲಿಲ್ಲ

ಸರಿಯಾಗಿ ಕೂರುವುದು ಹೇಗೆಂಬುದು ಯಾರೋ ಹೊಸದಾಗಿ ಹುಟ್ಟಿಸಿದ ಸೊಗಸಿನ ಮಾತಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಡ್ರೈವಿಂಗ್ ಶಾಲೆಗಳಿಗೆ ಒಂದು ಪಠ್ಯಕ್ರಮವನ್ನೇ ಹಾಕಿಕೊಟ್ಟಿವೆ. ವಾಹನ ಹೊರಡಿಸುವ ಮುನ್ನ ಮಾಡಬೇಕಾದ ತಪಾಸಣೆಯನ್ನು ಅದರಲ್ಲಿ ಎರಡು ಭಾಗ ಮಾಡಲಾಗಿದೆ. ಚಾಲಕನ ಸೀಟಿನಲ್ಲಿ ಕೂರುವ ಮೊದಲು ನೋಡಬೇಕಾದದ್ದು ಒಂದು, ಕುಳಿತ ಮೇಲೆ ನೋಡಬೇಕಾದದ್ದು ಇನ್ನೊಂದು. ಟಯರು, ನೀರು, ಆಯಿಲ್ ನೋಡುವುದು ಮೊದಲನೆಯದಕ್ಕೆ ಸೇರಿತು. ಸೀಟು, ಸ್ಟೀರಿಂಗ್, ಕನ್ನಡಿ, ಬೆಲ್ಟುಗಳನ್ನು ನೋಡಿಕೊಳ್ಳುವ ಹೊತ್ತು ಎರಡನೆಯದು.

ಆದರೆ ಕಲಿಯುವವರಿಗೆ ಪರೀಕ್ಷೆಯಲ್ಲಿ ಪಾಸಾಗುವ ಆತುರ, ಕಲಿಸುವವರಿಗೆ ಮುಂದಿನ ಶಿಷ್ಯ ಕಾಯುತ್ತಿರುವ ಆತುರ. ಸಿಕ್ಕಿದ ಅರ್ಧ ತಾಸಿನಲ್ಲಿ ಸೀಟು ಹೊಂದಿಸಲು ಎರಡು ನಿಮಿಷ ಖರ್ಚು ಮಾಡುವುದು ದಂಡವೆಂದು ಇಬ್ಬರಿಗೂ ಅನ್ನಿಸುತ್ತದೆ. ಹೀಗೆ ಮೊದಲ ದಿನ ತಪ್ಪಿಹೋದ ಪಾಠ ಆಮೇಲೆ ಜನ್ಮವಿಡೀ ಸಿಗುವುದೇ ಇಲ್ಲ.

ಕೋಲಿನಿಂದ ಚಕ್ರಕ್ಕೆ

ಕಾರಿಗೆ ಮೊದಲಿಗೆ ಸ್ಟೀರಿಂಗ್ ಚಕ್ರವೇ ಇರಲಿಲ್ಲ. ದೋಣಿಯ ಚುಕ್ಕಾಣಿಯಂತೆ ಒಂದು ಕೋಲನ್ನು ಹಿಡಿದು ಅತ್ತಿತ್ತ ತಿರುಗಿಸುತ್ತಿದ್ದರು. 1894ರಲ್ಲಿ ಫ್ರಾನ್ಸಿನ ಪ್ಯಾರಿಸ್‌ನಿಂದ ರೂಆನ್‌ಗೆ ನಡೆದ ಓಟದಲ್ಲಿ ಆಲ್‌ಫ್ರೆಡ್ ವಶೆರೋನ್ ಎಂಬವರು ತಮ್ಮ ಪನಾರ್ ಕಾರಿಗೆ ಕೋಲಿನ ಬದಲು ಚಕ್ರ ಅಳವಡಿಸಿದ್ದರು. ಕಾರಿಗೆ ಚಕ್ರ ಬಂದ ಮೊದಲ ಉದಾಹರಣೆಗಳಲ್ಲಿ ಅದನ್ನು ಹೆಸರಿಸುತ್ತಾರೆ.

ಚಕ್ರ ಬಂದರೂ ಅದು ಇದ್ದಲ್ಲೇ ಇರುತ್ತಿತ್ತು. ಮನುಷ್ಯನೇ ಅದಕ್ಕೆ ತಕ್ಕಂತೆ ಬಾಗಬೇಕಿತ್ತು. ಸಿ.ಪಿ.ಸಿ., ಶಂಕರ ವಿಠಲ ಬಸ್ಸುಗಳಲ್ಲಿ ಓಡಾಡಿದ ನಮ್ಮ ಜಿಲ್ಲೆಯ ಹಿರಿಯರನ್ನು ಕೇಳಿ ನೋಡಿ. ಮೊರದಷ್ಟಗಲದ ಸ್ಟೀರಿಂಗನ್ನು ತಿರುಗಿಸಲು ಚಾಲಕರು ಸೀಟಿನಿಂದ ಅರ್ಧ ಎದ್ದು ಮೈಯ ಭಾರವನ್ನೆಲ್ಲ ಹಾಕುತ್ತಿದ್ದರೆಂದು ಅವರು ವರ್ಣಿಸಿಯಾರು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ಚಕ್ರವೂ ದೊಡ್ಡದೇ. ಪವರ್ ಸ್ಟೀರಿಂಗ್ ಇಲ್ಲದ ಕಾಲದಲ್ಲಿ ಚಕ್ರ ದೊಡ್ಡದಾದಷ್ಟೂ ತಿರುಗಿಸುವ ಶ್ರಮ ಕಡಿಮೆ. ಬಾವಿಯ ರಾಟೆಯ ಹಿಡಿ ಉದ್ದವಿದ್ದಷ್ಟೂ ಕೊಡಪಾನ ಸುಲಭವಾಗಿ ಮೇಲೆ ಬರುವ ಲೆಕ್ಕವೇ ಇಲ್ಲಿಯೂ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಮಧ್ಯಮ ವರ್ಗದವರ ಅಂಗಳಕ್ಕೆ ಕಾರನ್ನು ತಂದಿತು. ಅದರಲ್ಲಿ ಸೀಟನ್ನು ಹಿಂದೆಮುಂದೆ ಸರಿಸಬಹುದಿತ್ತು, ಆದರೆ ಸ್ಟೀರಿಂಗ್ ಮಾತ್ರ ಕಂಪೆನಿ ಇಟ್ಟಲ್ಲೇ.

ಸ್ಟೀರಿಂಗನ್ನೇ ಚಾಲಕನಿಗೆ ಹೊಂದಿಸುವ ಯೋಚನೆ ಅಮೆರಿಕದಲ್ಲಿ ಜನಪ್ರಿಯವಾಯಿತು. 1961ರಲ್ಲಿ ಫೋರ್ಡ್ ಕಂಪೆನಿ ತನ್ನ ಥಂಡರ್‌ಬರ್ಡ್ ಕಾರಿಗೆ, ಹತ್ತಿಳಿಯುವಾಗ ಪಕ್ಕಕ್ಕೆ ಸರಿಯುವ ಸ್ಟೀರಿಂಗ್ ಕೊಟ್ಟಿತು. 1963ರಲ್ಲಿ ಜನರಲ್ ಮೋಟಾರ್ಸ್ ಮೇಲೆ–ಕೆಳಗೆ ಬಾಗಿಸಬಲ್ಲ ಸ್ಟೀರಿಂಗನ್ನು ತಂದಿತು. 1965ರ ಕಾರ್ವೆಟ್ ಕಾರಿನಲ್ಲಿ ಹಿಂದೆ–ಮುಂದೆ ಎಳೆಯಬಹುದಾದ ಸ್ಟೀರಿಂಗ್ ಬಂತು. ಆಗ ಇವೆಲ್ಲ ಹೆಚ್ಚು ಹಣ ಕೊಟ್ಟವರಿಗೆ ಸಿಗುವ ಐಷಾರಾಮ. ಇಂದು ನಮ್ಮ ಸಾಧಾರಣ ಕಾರುಗಳಲ್ಲೂ ಮೇಲೆ–ಕೆಳಗೆ ಮಾಡುವ ವ್ಯವಸ್ಥೆ ಇರುತ್ತದೆ. ಇದಕ್ಕೆ ಟಿಲ್ಟ್ ಎಂದು ಹೆಸರು. ಎದೆಯತ್ತ ಎಳೆಯುವ, ಆಚೆ ದೂಡುವ ವ್ಯವಸ್ಥೆಗೆ ಟೆಲಿಸ್ಕೋಪಿಕ್ ಎನ್ನುತ್ತಾರೆ. ಇದು ಇರುವ ಕಾರುಗಳು ಅಷ್ಟಿಲ್ಲ. ಕೆಲವು ಅಗ್ಗದ ಕಾರುಗಳಲ್ಲಿ ಇಂದಿಗೂ ಎರಡೂ ಇಲ್ಲ.

ಹೊಂದಿಸುವ ಕ್ರಮ

ಕೆಲಸ ಸುಲಭ, ಆದರೆ ಕ್ರಮ ಮುಖ್ಯ. ಸ್ಟೀರಿಂಗಿನಿಂದ ಆರಂಭಿಸಿದರೆ ಎಲ್ಲವೂ ತಲೆಕೆಳಗಾಗುತ್ತದೆ. ಕಾಲಿನ ಜಾಗ ಮೊದಲು ಗೊತ್ತಾಗಬೇಕು, ಕೈಯ ಜಾಗ ಆಮೇಲೆ. ಇದನ್ನೆಲ್ಲ ಸಮತಟ್ಟಾದ ನೆಲದಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸಿಯೇ ಮಾಡಬೇಕು.

ಮೊದಲು ಸೀಟಿನ ಹಿಂಬದಿಗೆ ಬೆನ್ನು, ಸೊಂಟ ಎರಡೂ ತಾಗುವಂತೆ ಕುಳಿತುಕೊಳ್ಳಿ. ಸೀಟಿನ ಅಡಿಯ ಹಿಡಿಯನ್ನು ಎತ್ತಿ ಸೀಟನ್ನು ಹಿಂದೆಮುಂದೆ ಸರಿಸಿ. ಎಡಗಾಲಿನಿಂದ ಕ್ಲಚ್ಚನ್ನು ತಳಮುಟ್ಟ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿಕೊಂಡೇ ಇರಬೇಕು. ಕಾಲು ಕೋಲಿನಂತೆ ನೆಟ್ಟಗಾದರೆ ಸೀಟು ದೂರವಾಯಿತು. ಮೊಣಕಾಲು ಸ್ಟೀರಿಂಗಿಗೆ ತಾಗಿದರೆ ಹತ್ತಿರವಾಯಿತು. ಕ್ಲಚ್ ಇಲ್ಲದ ಆಟೊಮ್ಯಾಟಿಕ್ ಕಾರುಗಳಲ್ಲಿ ಬಲಗಾಲಿನಿಂದ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಇದೇ ಲೆಕ್ಕ ನೋಡಬಹುದು. ಹಿಡಿ ಬಿಟ್ಟ ಮೇಲೆ ‘ಟಕ್’ ಎಂಬ ಸದ್ದು ಕೇಳಿತೇ ಎಂದು ಗಮನಿಸಿ, ಸೀಟನ್ನೊಮ್ಮೆ ಅಲುಗಿಸಿ ನೋಡಿ.

ಎರಡನೆಯದು ಎತ್ತರ. ಸೀಟನ್ನು ಎತ್ತುವ ವ್ಯವಸ್ಥೆ ಇದ್ದರೆ ರಸ್ತೆ ಚೆನ್ನಾಗಿ ಕಾಣುವಷ್ಟು ಎತ್ತಿಕೊಳ್ಳಿ. ಸ್ಟೀರಿಂಗಿನ ಮೇಲಂಚಿನಿಂದ ಇಣುಕುವ ಪರಿಸ್ಥಿತಿ ಇರಬಾರದು. ತಲೆಗೂ ಮಾಡಿಗೂ ನಡುವೆ ಒಂದು ಮುಷ್ಟಿಯಷ್ಟಾದರೂ ಜಾಗ ಉಳಿದಿರಲಿ.

ಮೂರನೆಯದು ಬೆನ್ನೊರಗು. ಈಸಿಚೇರಿನಂತೆ ಹಿಂದಕ್ಕೆ ಮಲಗಿಸುವುದು ಬೇಡ, ಶಾಲೆಯ ಬೆಂಚಿನಂತೆ ನೆಟ್ಟಗೆ ನಿಲ್ಲಿಸುವುದೂ ಬೇಡ. ತುಸುವೇ ಹಿಂದಕ್ಕೆ ಬಾಗಿರಲಿ.

ಸ್ಟೀರಿಂಗಿನ ಸರದಿ ಬರುವುದು ನಾಲ್ಕನೆಯದಾಗಿ. ಸ್ಟೀರಿಂಗಿನ ದಂಡದ ಅಡಿಯಲ್ಲಿ ಕೈಯಾಡಿಸಿದರೆ ಒಂದು ಪುಟ್ಟ ಹಿಡಿ ಸಿಗುತ್ತದೆ. ಹೆಚ್ಚಿನ ಕಾರುಗಳಲ್ಲಿ ಅದನ್ನು ಕೆಳಕ್ಕೆ ಒತ್ತಿದರೆ ಸ್ಟೀರಿಂಗ್ ಸಡಿಲವಾಗುತ್ತದೆ. ಇನ್ನೊಂದು ಕೈಯಲ್ಲಿ ಚಕ್ರವನ್ನು ಹಿಡಿದುಕೊಂಡೇ ಸಡಿಲಿಸಿ, ಇಲ್ಲವಾದರೆ ಅದು ತೊಡೆಯ ಮೇಲೆ ಬಿದ್ದೀತು. ಭುಜವನ್ನು ಸೀಟಿನಿಂದ ಬಿಡಿಸದೆ ಕೈಯನ್ನು ಮುಂದೆ ಚಾಚಿ, ಮಣಿಕಟ್ಟನ್ನು ಚಕ್ರದ ನೆತ್ತಿಯ ಮೇಲಿಡಿ. ಮಣಿಕಟ್ಟು ಅಲ್ಲಿ ಸಲೀಸಾಗಿ ಕುಳಿತರೆ ದೂರ ಸರಿಯಾಗಿದೆ. ಬೆರಳು ಮಾತ್ರ ಮುಟ್ಟಿದರೆ ಸ್ಟೀರಿಂಗ್ ದೂರ. ಮೊಣಕೈಯ ಹತ್ತಿರದ ಭಾಗ ತಾಗಿದರೆ ತೀರಾ ಹತ್ತಿರ. ಎತ್ತರಕ್ಕೆ ಮೂರು ಪರೀಕ್ಷೆಗಳಿವೆ. ವೇಗ ತೋರಿಸುವ ಮೀಟರು ಚಕ್ರದ ಸಂದಿನಿಂದ ಪೂರ್ತಿ ಕಾಣಬೇಕು, ತೊಡೆಗೂ ಚಕ್ರಕ್ಕೂ ನಡುವೆ ಕಾಲು ಆಡಿಸುವಷ್ಟು ಜಾಗ ಇರಬೇಕು, ಚಕ್ರದ ನಡುಭಾಗ ಮುಖದತ್ತ ಅಲ್ಲ, ಎದೆಯತ್ತ ನೋಡುತ್ತಿರಬೇಕು. ಆಮೇಲೆ ಹಿಡಿಯನ್ನು ಗಟ್ಟಿಯಾಗಿ ಮೇಲಕ್ಕೆತ್ತಿ ಬಿಗಿ ಮಾಡಿ, ಚಕ್ರವನ್ನು ಮೇಲೆ ಕೆಳಗೆ ಜಗ್ಗಿ ನೋಡಿ.

ಇಷ್ಟಾದ ಮೇಲೆ ಕನ್ನಡಿಗಳು, ಕೊನೆಗೆ ಸೀಟ್ ಬೆಲ್ಟ್. ಕನ್ನಡಿ ಮೊದಲೇ ಹೊಂದಿಸಿದರೆ ಸೀಟು ಸರಿದಾಗ ಅದು ಕೆಟ್ಟುಹೋಗುತ್ತದೆ. ಒಟ್ಟು ಕೆಲಸ ಮೊದಲ ದಿನ ಐದು ನಿಮಿಷ ಹಿಡಿಯಬಹುದು. ರೂಢಿಯಾದ ಮೇಲೆ ಅರ್ಧ ನಿಮಿಷ.

ಒಂದು ಎಚ್ಚರಿಕೆ: ಕಾರು ಚಲಿಸುವಾಗ ಸ್ಟೀರಿಂಗಿನ ಹಿಡಿಯನ್ನಾಗಲಿ ಸೀಟಿನ ಹಿಡಿಯನ್ನಾಗಲಿ ಮುಟ್ಟಲೇಕೂಡದು. ಸೀಟು ಫಕ್ಕನೆ ಹಿಂದೆ ಜಾರಿದರೆ ಬ್ರೇಕು ಕಾಲಿಗೆ ಎಟುಕದು. ಸ್ಟೀರಿಂಗ್ ಜಾರಿದರೆ ಕಾರೇ ಕೈತಪ್ಪೀತು.

ಹತ್ತು ಇಂಚಿನ ಲೆಕ್ಕ

ಇಷ್ಟೆಲ್ಲ ಕಟ್ಟುನಿಟ್ಟು ಬರೀ ಬೆನ್ನುನೋವು ತಪ್ಪಿಸಲಿಕ್ಕೋ ಎಂದು ಕೇಳಬಹುದು. ಅಲ್ಲ. ಇಂದು ಸ್ಟೀರಿಂಗ್ ಎಂದರೆ ತಿರುಗಿಸುವ ಚಕ್ರ ಮಾತ್ರವಲ್ಲ. ಅದರ ನಡುವೆ ಏರ್‌ಬ್ಯಾಗ್ ಮಡಚಿಕೊಂಡು ಕುಳಿತಿದೆ. 2019ರ ಜುಲೈ ತಿಂಗಳಿನಿಂದ ನಮ್ಮ ದೇಶದಲ್ಲಿ ತಯಾರಾಗುವ ಎಲ್ಲ ಹೊಸ ಕಾರುಗಳಲ್ಲೂ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಡಿಕ್ಕಿಯಾದಾಗ ಅದು ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಸಮಯದಲ್ಲಿ ಉಬ್ಬಿ ನಿಲ್ಲುತ್ತದೆ. ಅಷ್ಟು ವೇಗದಲ್ಲಿ ಉಬ್ಬುವ ಚೀಲಕ್ಕೆ ಭಯಂಕರ ಬಲವಿರುತ್ತದೆ. ಪೂರ್ತಿ ಉಬ್ಬಿದ ಮೇಲೆ ತಾಗಿದರೆ ದಿಂಬು. ಉಬ್ಬುತ್ತಿರುವಾಗಲೇ ತಾಗಿದರೆ ಗುದ್ದು. ಮೊದಲ ಎರಡು–ಮೂರು ಇಂಚಿನ ಅಂತರವೇ ಅತ್ಯಂತ ಅಪಾಯದ್ದು.

ಆದ್ದರಿಂದ ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಒಂದು ಸರಳ ಅಳತೆ ಕೊಟ್ಟಿದೆ. ಚಕ್ರದ ನಡುಭಾಗಕ್ಕೂ ಚಾಲಕನ ಎದೆಯ ಮೂಳೆಗೂ ನಡುವೆ ಕನಿಷ್ಠ 10 ಇಂಚು, ಅಂದರೆ 25 ಸೆಂಟಿಮೀಟರ್ ಅಂತರ ಇರಬೇಕು. ಇದನ್ನು ಅಳೆಯಲು ಯಂತ್ರ ಬೇಡ. ಶಾಲೆಯ ಚೀಲದಲ್ಲಿರುವ ಒಂದಡಿಯ ಸ್ಕೇಲು ಸಾಕು. ಏರ್‌ಬ್ಯಾಗ್ ಇದೆಯೆಂದು ಬೆಲ್ಟ್ ಬಿಡುವಂತೆಯೂ ಇಲ್ಲ. ಡಿಕ್ಕಿಯಲ್ಲಿ ದೇಹವನ್ನು ಹಿಂದೆ ಹಿಡಿದು, ಚೀಲ ಪೂರ್ತಿ ಉಬ್ಬುವಷ್ಟು ಪುರಸೊತ್ತು ಕೊಡುವುದೇ ಬೆಲ್ಟ್.

ಕೈ ಹಿಡಿಯುವ ಜಾಗವೂ ಇದರಿಂದಾಗಿ ಬದಲಾಗಿದೆ. ಚಕ್ರವನ್ನು ಗಡಿಯಾರವೆಂದು ಭಾವಿಸಿದರೆ ಹಿಂದೆ ಹತ್ತು ಮತ್ತು ಎರಡು ಗಂಟೆಯ ಜಾಗದಲ್ಲಿ ಹಿಡಿಯಲು ಹೇಳುತ್ತಿದ್ದರು. ಈಗ ಒಂಬತ್ತು ಮತ್ತು ಮೂರು ಗಂಟೆಯ ಜಾಗ ಉತ್ತಮವೆನ್ನುತ್ತಾರೆ. ಕೈ ಮೇಲಿದ್ದರೆ ಏರ್‌ಬ್ಯಾಗ್ ಬಿಚ್ಚುವಾಗ ಅದೇ ಕೈ ಮುಖಕ್ಕೆ ಬಡಿಯಬಹುದು. ಚಕ್ರದ ನಡುಭಾಗದಲ್ಲಿ ಅಲಂಕಾರದ ವಸ್ತು ಅಂಟಿಸುವುದೂ ಅಷ್ಟೇ ಅಪಾಯ.

‘ನಿನಗೆ ಕಾಲೇ ಎಟುಕುವುದಿಲ್ಲ’

ಈಗ ಹೆತ್ತವರಿಗೆ ಒಂದು ಮಾತು. ಕಾರು ಕಲಿಯಲು ಹೊರಟ ಹೆಣ್ಣುಮಕ್ಕಳು ಮನೆಯಲ್ಲೇ ಕೇಳುವ ಮಾತೊಂದಿದೆ: ‘ನಿನಗೆ ಕಾಲೇ ಎಟುಕುವುದಿಲ್ಲ, ನೀನು ಕಾರು ಬಿಡುವುದು ಹೇಗೆ ಮಾರಾಯ್ತಿ?’ ಎರಡು ದಿನ ಬಿಟ್ಟು ನೋಡಿ, ರಸ್ತೆ ಕಾಣದೆ, ಭುಜ ನೋವು ಬಂದು, ‘ನನ್ನಿಂದ ಆಗುವ ಕೆಲಸವಲ್ಲ’ ಎಂದು ಕೈಬಿಟ್ಟವರು ಪ್ರತಿ ಕುಟುಂಬದಲ್ಲೂ ಒಬ್ಬರಾದರೂ ಸಿಕ್ಕಾರು. ಅವರಲ್ಲಿ ಎಷ್ಟು ಮಂದಿಗೆ ನಿಜವಾಗಿಯೂ ಕಲಿಯುವ ಶಕ್ತಿ ಇರಲಿಲ್ಲ, ಎಷ್ಟು ಮಂದಿಗೆ ಸೀಟು ಸರಿಸುವ ಹಿಡಿ ಎಲ್ಲಿದೆಯೆಂದು ಯಾರೂ ತೋರಿಸಿರಲಿಲ್ಲ?

ತಪ್ಪು ಅವರ ಎತ್ತರದ್ದಲ್ಲ. ಅಪಘಾತದ ಪರೀಕ್ಷೆಗೆ ಕಾರಿನಲ್ಲಿ ಕೂರಿಸುವ ಗೊಂಬೆಗಳಲ್ಲಿ ಅತಿ ಹೆಚ್ಚು ಬಳಕೆಯಾದದ್ದು 1970ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಗಂಡಸಿನ ಗೊಂಬೆ. ಅದರ ಎತ್ತರ ಸುಮಾರು 5 ಅಡಿ 9 ಇಂಚು, ತೂಕ ಸುಮಾರು 78 ಕಿಲೊ. ನಮ್ಮ ದೇಶದ ಹೆಂಗಸರ ಸರಾಸರಿ ಎತ್ತರ ಐದಡಿಯ ಆಸುಪಾಸು. ಬೇರೆ ಯಾರದೋ ಅಳತೆಯನ್ನು ಮುಂದಿಟ್ಟುಕೊಂಡ ಕಾರಿನಲ್ಲಿ ನಮ್ಮ ಹುಡುಗಿಯರು ಕೂರುತ್ತಿದ್ದಾರೆ. ಆದುದರಿಂದಲೇ ಹೊಂದಿಸಿಕೊಳ್ಳುವುದು ಅವರಿಗೆ ಹೆಚ್ಚು ಅಗತ್ಯ.

ಕಡಿಮೆ ಎತ್ತರದವರಿಗೆ ಪೆಡಲ್ ಎಟುಕಬೇಕಾದರೆ ಸೀಟು ಮುಂದಕ್ಕೆ ಬರಬೇಕು. ಆಗ ಎದೆ ಏರ್‌ಬ್ಯಾಗಿನ ಹತ್ತಿರವಾಗುತ್ತದೆ. ಇದಕ್ಕೆ ಪರಿಹಾರವಿದೆ. ಸೀಟನ್ನು ಎತ್ತರಿಸಿ, ಬೆನ್ನೊರಗನ್ನು ಇನ್ನೂ ಸ್ವಲ್ಪ ಹಿಂದಕ್ಕೆ ಬಾಗಿಸಿ, ಸ್ಟೀರಿಂಗನ್ನು ಕೆಳಕ್ಕೆ ಇಳಿಸಿದರೆ ಹೆಚ್ಚಿನವರಿಗೆ ಹತ್ತು ಇಂಚು ಸಿಕ್ಕಿಯೇ ಸಿಗುತ್ತದೆ. ಎದೆಯತ್ತ ಎಳೆಯುವ ಸ್ಟೀರಿಂಗ್ ಆದರೆ ಅದನ್ನು ಆಚೆ ದೂಡಬಹುದು. ಸೀಟು ಎತ್ತರಿಸುವ ವ್ಯವಸ್ಥೆ ಇಲ್ಲದಿದ್ದಾಗ ಗಟ್ಟಿಯಾದ, ಜಾರದಂತೆ ಕಟ್ಟಿದ ಕುಶನ್ ಹಾಕಿಕೊಳ್ಳಬಹುದು. ಮೆತ್ತಗಿನ ತಲೆದಿಂಬು ಖಂಡಿತ ಬೇಡ. ಜೋರಾಗಿ ಬ್ರೇಕ್ ಹಾಕಿದರೆ ಅದು ಮೈಯನ್ನು ಬೆಲ್ಟಿನ ಅಡಿಯಿಂದ ಜಾರಿಸಿಬಿಡುತ್ತದೆ. ಗರ್ಭಿಣಿಯರು ಹೊಟ್ಟೆಗೂ ಚಕ್ರಕ್ಕೂ ಸಾಧ್ಯವಾದಷ್ಟು ಅಂತರ ಇಟ್ಟು, ಬೆಲ್ಟಿನ ಕೆಳಪಟ್ಟಿಯನ್ನು ಹೊಟ್ಟೆಯ ಕೆಳಗೆ ಬರುವಂತೆ ಹಾಕಿಕೊಳ್ಳಬೇಕು.

ಉದ್ದ ಆಳುಗಳ ಕಷ್ಟ ಇದಕ್ಕೆ ತಿರುವುಮುರುವು. ಕಾಲಿಗಾಗಿ ಸೀಟನ್ನು ಹಿಂದೆ ದೂಡಿದರೆ ಕೈ ಎಟುಕುವುದಿಲ್ಲ. ಅವರು ಬೆನ್ನೊರಗನ್ನು ಸ್ವಲ್ಪ ನೆಟ್ಟಗೆ ಮಾಡಿಕೊಂಡು ಸ್ಟೀರಿಂಗನ್ನು ಮೇಲೆತ್ತಿ ಮೊಣಕಾಲಿಗೆ ಜಾಗ ಮಾಡಿಕೊಳ್ಳಬೇಕು.

ನಮ್ಮ ಊರಿನ ಚಡಾವು, ನಮ್ಮ ಊರಿನ ಮಳೆ

ಮಂಗಳೂರಿನಲ್ಲಿ ಕಾರು ಬಿಡುವವರಿಗೆ ಈ ವಿಷಯ ಇನ್ನಷ್ಟು ಮುಖ್ಯ. ಇದು ಸಮತಟ್ಟಾದ ಊರಲ್ಲ. ಬಾವುಟಗುಡ್ಡೆ, ಕದ್ರಿ ಗುಡ್ಡ, ಬೆಂದೂರುವೆಲ್ ಎಲ್ಲಿ ನೋಡಿದರೂ ಏರು, ತಗ್ಗು, ತಿರುವು. ಚಡಾವಿನ ನಡುವೆ ಮುಂದಿನ ಬಸ್ಸು ನಿಂತರೆ ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಮೂರನ್ನೂ ಸಂಭಾಳಿಸಬೇಕು. ಕ್ಲಚ್ಚಿಗೆ ಕಾಲು ಪೂರ್ತಿ ಎಟುಕದವರು ಸೀಟಿನ ತುದಿಗೆ ಜಾರುತ್ತಾರೆ. ಜಾರುವಾಗ ಮೈಯ ಭಾರ ಹೊರಲು ಸ್ಟೀರಿಂಗನ್ನೇ ಆಧಾರವಾಗಿ ಹಿಡಿಯುತ್ತಾರೆ. ಆಧಾರವಾಗಿ ಹಿಡಿದ ಚಕ್ರ ತಿರುಗದೆ ಇರುತ್ತದೆಯೆ? ಕಾರು ಹಿಂದಕ್ಕೆ ಸರಿಯುವುದೂ ಪಕ್ಕಕ್ಕೆ ತಿರುಗುವುದೂ ಒಟ್ಟೊಟ್ಟಿಗೆ ನಡೆದುಹೋಗುತ್ತದೆ.

ನಂತೂರು ವೃತ್ತದಲ್ಲಿ 66 ಮತ್ತು 169ನೇ ರಾಷ್ಟ್ರೀಯ ಹೆದ್ದಾರಿಗಳು ಸೇರುತ್ತವೆ. ಅಲ್ಲಿ ಲಾರಿ, ಬಸ್ಸುಗಳ ನಡುವೆ ನುಸುಳಬೇಕಾದರೆ ಎಡಕ್ಕೂ ಬಲಕ್ಕೂ ಚಕ್ರವನ್ನು ಬೇಗಬೇಗ ತಿರುಗಿಸಬೇಕು. ಮೊಣಕೈ ಪಕ್ಕೆಲುಬಿಗೆ ಒತ್ತಿಕೊಂಡಿದ್ದರೆ ಅದು ಆಗದು. ಕೈ ಕೋಲಿನಂತೆ ಚಾಚಿಕೊಂಡಿದ್ದರೂ ಆಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಯಲ್ಲಿ ಗಾಜು ಮಸುಕಾದಾಗ ಎಲ್ಲರೂ ಅರಿವಿಲ್ಲದೆ ಮುಂದಕ್ಕೆ ಬಾಗುತ್ತಾರೆ. ಹತ್ತು ಇಂಚು ಆಗ ಐದಾಗುತ್ತದೆ. ವೈಪರ್ ಬ್ಲೇಡನ್ನು ಮಳೆಗಾಲಕ್ಕೆ ಮೊದಲೇ ಬದಲಿಸಿ, ಗಾಜಿನ ಮಂಜು ತೆಗೆಯುವ ಗಾಳಿಯ ಗುಂಡಿಯನ್ನು ಬಳಸಿದರೆ ಬಾಗುವ ಅಗತ್ಯ ಬೀಳುವುದಿಲ್ಲ. ಶಿರಾಡಿ ಘಾಟಿಯಲ್ಲಿ ಹತ್ತಿ ಬೆಂಗಳೂರಿಗೆ ಹೋಗುವ ಸುಮಾರು 350 ಕಿಲೋಮೀಟರಿನ ಹಾದಿಯಲ್ಲಂತೂ ಸರಿಯಾಗಿ ಕುಳಿತವರಿಗೂ ಕುಳಿತಿರದವರಿಗೂ ವ್ಯತ್ಯಾಸ ಹಾಸನ ಮುಟ್ಟುವ ಮೊದಲೇ ಕುತ್ತಿಗೆಯಲ್ಲಿ ಗೊತ್ತಾಗುತ್ತದೆ.

ಕೊಳ್ಳುವಾಗ ನೆನಪಿರಲಿ

ಹೊಸದಿರಲಿ ಹಳೆಯದಿರಲಿ, ಕಾರು ಕೊಳ್ಳುವಾಗ ಅಪ್ಪನೊಬ್ಬರೇ ಹೋಗಿ ನೋಡಿ ಬರುವ ಪದ್ಧತಿ ನಮ್ಮಲ್ಲಿದೆ. ಅದನ್ನು ಬಿಡಬೇಕು. ಆ ಕಾರನ್ನು ಬಿಡುವವರೆಲ್ಲರೂ ಹೋಗಿ ಒಬ್ಬೊಬ್ಬರಾಗಿ ಚಾಲಕನ ಸೀಟಿನಲ್ಲಿ ಕುಳಿತು ನೋಡಬೇಕು. ಹಾಡು ಕೇಳಿಸುವ ಪೆಟ್ಟಿಗೆ ಎಷ್ಟು ದೊಡ್ಡದೆಂದು ವಿಚಾರಿಸುವ ಮೊದಲು ಸೀಟು ಏರುತ್ತದೆಯೇ, ಸ್ಟೀರಿಂಗ್ ಬಾಗುತ್ತದೆಯೇ, ಎಳೆದರೆ ಬರುತ್ತದೆಯೇ ಎಂದು ವಿಚಾರಿಸಬೇಕು. ಮನೆಯಲ್ಲಿ ಎತ್ತರದ ವ್ಯತ್ಯಾಸ ಹೆಚ್ಚಿದ್ದಷ್ಟೂ ಈ ಮೂರು ಸೌಕರ್ಯಗಳ ಬೆಲೆ ಹೆಚ್ಚು.

ಒಂದೇ ಕಾರನ್ನು ಹಲವರು ಬಿಡುವ ಮನೆಗಳಿಗೆ ಒಂದು ಸುಲಭ ಉಪಾಯವಿದೆ. ಸೀಟನ್ನು ಪೂರ್ತಿ ಹಿಂದೆ ದೂಡಿ, ಅಲ್ಲಿಂದ ಮುಂದಕ್ಕೆ ತರುವಾಗ ಎಷ್ಟು ‘ಟಕ್’ಗಳಾದವು ಎಂದು ಎಣಿಸಿ. ಅಪ್ಪನದು ಮೂರು, ಅಮ್ಮನದು ಎಂಟು, ಮಗಳದು ಒಂಬತ್ತು ಎಂದು ಪ್ರತಿಯೊಬ್ಬರೂ ತಮ್ಮ ಲೆಕ್ಕ ನೆನಪಿಟ್ಟುಕೊಂಡರೆ ಪ್ರತಿಸಲ ಹೊಸದಾಗಿ ಹುಡುಕಬೇಕಾಗಿಲ್ಲ.

ಹದಿನೆಂಟು ತುಂಬದ ಮಕ್ಕಳಿಗೆ ಕಾರು ಬಿಡಲು ಕೊಡುವಂತಿಲ್ಲ ಎಂಬುದು ಗೊತ್ತಿರುವ ವಿಷಯವೇ. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಆದ ತಿದ್ದುಪಡಿಯ ಪ್ರಕಾರ, ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಹೆತ್ತವರಿಗೆ ಅಥವಾ ವಾಹನದ ಮಾಲಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗದು.

ಆದರೆ ಈ ಒಂದು ಪಾಠಕ್ಕೆ ಲೈಸೆನ್ಸ್ ಬೇಡ, ಪೆಟ್ರೋಲೂ ಬೇಡ. ಮುಂದಿನ ಭಾನುವಾರ ಅಂಗಳದಲ್ಲಿ ನಿಂತ ಕಾರಿನ ಕೀ ಅಪ್ಪನ ಕಿಸೆಯಲ್ಲೇ ಇರಲಿ. ಮಕ್ಕಳು ಒಂದಡಿಯ ಸ್ಕೇಲು ಹಿಡಿದು ಬರಲಿ. ಮೊದಲು ಅಮ್ಮ, ಆಮೇಲೆ ಅಪ್ಪ ಚಾಲಕನ ಸೀಟಿನಲ್ಲಿ ಕೂರಲಿ. ಎದೆಯಿಂದ ಚಕ್ರಕ್ಕೆ ಎಷ್ಟು ಇಂಚೆಂದು ಮಕ್ಕಳೇ ಅಳೆದು ಹೇಳಲಿ. ಇಷ್ಟು ವರ್ಷ ಕಾರು ಬಿಟ್ಟ ಹೆತ್ತವರಲ್ಲೂ ಹತ್ತು ಇಂಚಿಗೆ ಕಡಿಮೆ ಬರುವವರು ಕೆಲವರಾದರೂ ಇದ್ದಾರು. ಅಂಥವರಿಗೆ ಸೀಟಿನ ಅಡಿಯ ಹಿಡಿ ಎಲ್ಲಿದೆಯೆಂದು ತೋರಿಸಿಕೊಡುವ ಕೆಲಸ ಮಕ್ಕಳದು.